ಏಜೆಂಟ್ ಹುಡುಕುವ ಮೊದಲು

ಚಿ. ಗೌರಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಲೇಖಕರ ಪರವಾಗಿ ಪ್ರಕಾಶಕರನ್ನು ಹುಡುಕಿಕೊಡುವ ಯಾರೋ ಏಜೆಂಟ್ ಅಂತೆ, ನಿನ್ನ ಮಕ್ಕಳ ಕಥೆ ಓದಿ ನೋಡುವುದಕ್ಕೇ ಮುಂಗಡ ಹಣ ಕೇಳಿದ್ದಾರಂತೆ. ಒಂದು ಪೈಸೆಯನ್ನೂ ಕೊಡಬೇಡ. ಮಿಕ್ಕ ಮಾತು ಆಮೇಲೆ.

ರಾಯಚೂರಿನ ಹತ್ತಿ ಮಾರುಕಟ್ಟೆಯನ್ನು ನೀನು ನೋಡಿದವಳು. ದಲಾಲಿ ಅಂಗಡಿಯವರು ಮಾಲು ಮಾರಾಟ ಆದ ಮೇಲೆ ದಲಾಲಿ ಹಿಡಿಯುತ್ತಾರೆ. ಗಾಡಿ ಇಳಿಸುವ ಮೊದಲೇ ಯಾರಾದರೂ ಕೈ ಚಾಚುತ್ತಾರಾ? ಪುಸ್ತಕದ ಏಜೆಂಟರ ಲೆಕ್ಕವೂ ಅದೇ. ಪ್ರಕಾಶಕರು ಒಪ್ಪಿ, ನಿನಗೆ ಹಣ ಬಂದಾಗ ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 15 ಅವರ ಪಾಲು. ಹೊರದೇಶಕ್ಕೆ ಹಕ್ಕು ಮಾರಿಕೊಟ್ಟರೆ 20ರಷ್ಟು. ಓದುವ ಫೀಸು, ನೋಂದಣಿ ಫೀಸು ಅಂದವರ ಸಹವಾಸವೇ ಬೇಡ.

ಅದಿರಲಿ, ನಿನಗೆ ಏಜೆಂಟ್ ಯಾಕೆ? ಕನ್ನಡದಲ್ಲಿ ಲೇಖಕರೇ ನೇರವಾಗಿ ಪ್ರಕಾಶಕರಿಗೆ ಹಸ್ತಪ್ರತಿ ಕಳಿಸುವುದು ರೂಢಿ. ಬೆಂಗಳೂರಿನ ನವಕರ್ನಾಟಕ ಇದೆ, ಪ್ರಥಮ್ ಬುಕ್ಸ್ ಇದೆ. ಚೆನ್ನೈನ ತೂಲಿಕಾದವರೂ ಕನ್ನಡದಲ್ಲಿ ಮಕ್ಕಳ ಪುಸ್ತಕ ತರುತ್ತಾರೆ. ಎಲ್ಲರಿಗೂ ಒಂದೇ ಪತ್ರ ಸುಮ್ನೆ ಕಳಿಸಬೇಡ. ಅವರ ಪುಸ್ತಕ ನಾಲ್ಕಾರು ಓದಿ, ನಿನ್ನ ಕಥೆ ಯಾರಿಗೆ ಹೊಂದುತ್ತದೆ ನೋಡು. ಪ್ರಥಮ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಮೊಬೈಲಿನಲ್ಲೇ ಪುಕ್ಕಟೆ ಓದಬಹುದು. ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಸಹಾಯಧನ ಕೊಡುತ್ತದೆ, ಅದನ್ನೂ ವಿಚಾರಿಸು.

ಇಂಗ್ಲಿಷಿನಲ್ಲಿ ಬರೆದು ಅಮೆರಿಕ, ಇಂಗ್ಲೆಂಡಿನ ದೊಡ್ಡ ಪ್ರಕಾಶಕರ ಹತ್ತಿರ ಹೋಗಬೇಕಾದರೆ ಮಾತ್ರ ಏಜೆಂಟ್ ಬೇಕಾಗುತ್ತಾರೆ. ಅಲ್ಲಿ ಬಹಳ ಮಂದಿ ನೇರವಾಗಿ ಬಂದ ಕಥೆ ತೆರೆದು ನೋಡುವುದಿಲ್ಲ. ಆಗಲೂ ಒಂದು ಪುಟದ ಪತ್ರ ಸಾಕು. ಕಥೆ ಏನು, ಯಾವ ವಯಸ್ಸಿನ ಮಕ್ಕಳಿಗೆ, ನೀನು ಯಾರು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಬೇಜಾರಾಗಬೇಡ. ಚಿತ್ರಕಾರರನ್ನು ನೀನೇ ಗೊತ್ತುಮಾಡಿ ದುಡ್ಡು ಸುರಿಯಬೇಡ, ಆ ಕೆಲಸ ಪ್ರಕಾಶಕರದು.

ನನಗೆ ಇದಕ್ಕಿಂತ ಜಾಸ್ತಿ ಯೋಚನೆ ಇರುವುದು ನಿನ್ನ ಕಥೆಯ ಬಗ್ಗೆ. ಮೊನ್ನೆ ಅದನ್ನು ನಮ್ಮ ಓಣಿಯ ಮಕ್ಕಳಿಗೆ ಓದಿ ಹೇಳಿದೆ. ಆಡಿನ ಮರಿ ಬಸ್ಸಿನ ಸೀಟಿನ ಕೆಳಗೆ ನುಸುಳಿ ಕಂಡಕ್ಟರನ ಚೀಲ ಅಗಿಯುತ್ತದಲ್ಲ, ಅಲ್ಲಿ ಬಿದ್ದು ಬಿದ್ದು ನಕ್ಕರು. ಕಡೆಗೆ ಅಜ್ಜ ಬುದ್ಧಿ ಹೇಳಲು ಶುರು ಮಾಡಿದಾಗ ಒಬ್ಬೊಬ್ಬರೇ ಎದ್ದು ಹೋದರು. ಆ ಎರಡು ಪುಟ ತೆಗೆದುಬಿಡು. ‘ಮರಿಗೆ ಬಹಳ ಭಯವಾಯಿತು’ ಅಂತಲೂ ಬೇಡ, ಚಿತ್ರದಲ್ಲಿ ಅದು ಕಾಣುತ್ತದೆ. ಚಿತ್ರಪುಸ್ತಕ ಅಂದರೆ ಸಾಮಾನ್ಯವಾಗಿ 32 ಪುಟ, ಪದಗಳು 500ರ ಆಸುಪಾಸು. ನಿನ್ನದು ಅದರ ಮೂರು ಪಟ್ಟು ಇದೆ. ಕಡಿಮೆ ಮಾಡಿ ಮತ್ತೆ ಕಳಿಸು, ಮತ್ತೆ ಓದಿ ನೋಡುತ್ತೇನೆ.

ಕರಾರು ಬಂದರೆ ಖುಷಿಯಲ್ಲಿ ಅವತ್ತೇ ಸಹಿ ಹಾಕಬೇಡ. ಪ್ರಕಾಶಕರಿಗೆ ಹಕ್ಕು ಎಷ್ಟು ವರ್ಷಕ್ಕೆ, ಯಾವ ಭಾಷೆಗೆ, ಗೌರವಧನ ಎಷ್ಟು, ಎಲ್ಲ ಬರೆದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಅವಧಿ ಬರೆದಿಲ್ಲದಿದ್ದರೆ 5 ವರ್ಷ ಅಂತ ಲೆಕ್ಕ. ಆದರೆ ‘ಎಲ್ಲ ಹಕ್ಕು ಶಾಶ್ವತವಾಗಿ’ ಅಂತ ಬರೆದ ಕಾಗದಕ್ಕೆ ಸಹಿ ಹಾಕಿದರೆ ಆ ರಕ್ಷಣೆ ಇರುವುದಿಲ್ಲ. ಕಾಗದ ಹಿಡಿದುಕೊಂಡು ಇಲ್ಲಿಗೆ ಬಾ. ಒಂದೊಂದು ಸಾಲೂ ಕೂತು ಓದೋಣ.

ಇತಿ,
ನಿನ್ನ ದೊಡ್ಡಪ್ಪ
ರಾಯಚೂರು