ಬಿಸ್ಕತ್ ಡಬ್ಬಿಯ ಪತ್ರಗಳು

ಲೆಸ್ಟರ್
12 ಅಕ್ಟೋಬರ್ 2025

ಪ್ರೀತಿಯ ಅಪ್ಪ ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಅಪ್ಪ, ಹೋದ ವಾರ ಫೋನಿನಲ್ಲಿ ಕೇಳಿದಿರಲ್ಲ, "ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟಿದ್ದರಿಂದ ನಮ್ಮವರಿಗೆ ಒಳ್ಳೇದೇ ಆಯ್ತು, ಅಲ್ವಾ?" ಅಂತ. ಆಗ ಡ್ಯೂಟಿಗೆ ಹೊತ್ತಾಗಿತ್ತು, ಏನೋ ಹೇಳಿ ಇಟ್ಟುಬಿಟ್ಟೆ. ಇವತ್ತು ರಜೆ, ನಿಧಾನವಾಗಿ ಬರೆಯುತ್ತೇನೆ.

ನೀವು ಹೇಳಿದ್ದು ಒಂದು ಲೆಕ್ಕಕ್ಕೆ ನಿಜ. 2020ರ ಡಿಸೆಂಬರ್ 31ರವರೆಗೆ ಪೋಲೆಂಡ್, ಇಟಲಿಯವರು ವೀಸಾ ಇಲ್ಲದೆ ಬಂದು ಇಲ್ಲಿ ದುಡಿಯಬಹುದಿತ್ತು. ಮರುದಿನದಿಂದ ಕೆಲಸಕ್ಕೆಂದು ಬರುವ ಅವರಿಗೂ ನಮ್ಮ ಹಾಗೆಯೇ ವೀಸಾಕ್ಕೆ, ಕೆಲಸ, ಸಂಬಳ, ಇಂಗ್ಲಿಷ್ ನೋಡಿ ಕೊಡುವ 70 ಪಾಯಿಂಟ್ ಬೇಕು, ಕೆಲಸ ಕೊಡುವವರ ಸ್ಪಾನ್ಸರ್‌ಶಿಪ್ ಬೇಕು. ಐರ್ಲೆಂಡಿನವರಿಗೆ ಮಾತ್ರ ಬ್ರಿಟನ್ ಜೊತೆಗಿನ ಹಳೆಯ ಒಪ್ಪಂದ ಹಾಗೇ ಇದೆ. ಇದಕ್ಕೆ ನನ್ನ ತಕರಾರಿಲ್ಲ. ಇನ್ನು ಮುಂದೆ ಯಾರು ಬರಬೇಕು ಅನ್ನೋದು ಈ ದೇಶದವರಿಗೆ ಬಿಟ್ಟಿದ್ದು. ಆದರೆ ಮೊದಲೇ ಬಂದು ಮನೆ ಮಾಡಿಕೊಂಡವರ ಕಥೆ?

ನಮ್ಮ ಪಕ್ಕದ ಮನೆಯ ಪೋಲೆಂಡಿನ ಆಂಟಿ 2005ರಲ್ಲಿ ಗಂಡನ ಜೊತೆ ಬಂದವರು. ಅವರಂಥವರೆಲ್ಲ ಇಲ್ಲೇ ಉಳಿಯಲು 2021ರ ಜೂನ್ 30ರೊಳಗೆ ಅರ್ಜಿ ಹಾಕಬೇಕಿತ್ತು. 5 ವರ್ಷ ಇಲ್ಲಿದ್ದದ್ದು ಸಾಬೀತಾದರೆ 'ಸೆಟಲ್ಡ್ ಸ್ಟೇಟಸ್', ಅಂದರೆ ಕಾಯಂ ವಾಸದ ಹಕ್ಕು, ಇಲ್ಲದಿದ್ದರೆ 5 ವರ್ಷದ ಮಟ್ಟಿಗೆ 'ಪ್ರೀ-ಸೆಟಲ್ಡ್'. ಆಂಟಿಗೆ ಸಿಕ್ಕಿದ್ದು ಎರಡನೆಯದು. ಯಾಕೆ ಗೊತ್ತಾ? ಗಂಡ ಹಾಸಿಗೆ ಹಿಡಿದಾಗ ಇವರು ಕೆಲಸ ಬಿಟ್ಟಿದ್ದರು. ತೆರಿಗೆ ಲೆಕ್ಕದಲ್ಲಿ ಹೆಸರಿಲ್ಲ. ಬಾಡಿಗೆ, ಕರೆಂಟ್ ಬಿಲ್ಲು, ಬ್ಯಾಂಕು ಎಲ್ಲ ಗಂಡನ ಹೆಸರಲ್ಲಿ. ಹಗಲು ರಾತ್ರಿ ಅದೇ ಮನೆಯಲ್ಲಿ ಆರೈಕೆ ಮಾಡಿಕೊಂಡಿದ್ದವರಿಗೆ, ತಾನು ಅಲ್ಲಿದ್ದೆ ಅನ್ನೋದಕ್ಕೇ ದಾಖಲೆ ಇರಲಿಲ್ಲ.

ಹೋದ ವರ್ಷ, ಗಂಡ ತೀರಿಕೊಂಡ ಮೇಲೆ, ಒಂದು ಭಾನುವಾರ ಅವರ ಅಡುಗೆಮನೆಯಲ್ಲಿ ಕೂತೆವು. ತಗಡಿನ ಬಿಸ್ಕತ್ ಡಬ್ಬಿ ತಂದು ಮೇಜಿನ ಮೇಲೆ ಸುರಿದರು. ಅದರಲ್ಲಿ ಡಾಕ್ಟರ ಕ್ಲಿನಿಕ್ಕಿನಿಂದ ಅವರ ಹೆಸರಿಗೇ ಬಂದ ಪತ್ರಗಳಿದ್ದವು. ಶುಗರ್ ಪರೀಕ್ಷೆಗೆ ಬನ್ನಿ ಅಂತ, ವರ್ಷ ವರ್ಷವೂ. ತಾರೀಖು ಓದಿ ಓದಿ ಸಾಲಾಗಿ ಜೋಡಿಸಿದೆವು. ಒಂದು ವರ್ಷದ್ದು ಮಾತ್ರ ಸಿಗಲಿಲ್ಲ. ಆಂಟಿಯ ಕೈ ನಡುಗುತ್ತಿತ್ತು. ಕೊನೆಗೆ ಅದು ಗಂಡನ ಔಷಧಿ ಚೀಟಿಗಳ ನಡುವೆ ಮಡಚಿಕೊಂಡು ಕೂತಿತ್ತು. ಆ ಕಾಗದಗಳ ಬಲದಿಂದಲೇ ಸೆಟಲ್ಡ್ ಸ್ಟೇಟಸ್ ಬಂತು.

ಬಂತು ಅಂದರೂ ಕೈಯಲ್ಲಿ ಹಿಡಿಯಲು ಒಂದು ಕಾರ್ಡೂ ಇಲ್ಲ. ಎಲ್ಲ ಆನ್‌ಲೈನ್. ಬಾಡಿಗೆ ಕರಾರು ತಮ್ಮ ಹೆಸರಿಗೆ ಮಾಡಿಸುವಾಗ 'ಶೇರ್ ಕೋಡ್', ಅಂದರೆ ಇಲ್ಲಿರುವ ಹಕ್ಕನ್ನು ಆನ್‌ಲೈನಿನಲ್ಲಿ ತೋರಿಸುವ ಕೋಡ್, ಕೇಳಿದರಂತೆ. ಅವರ ಹತ್ತಿರ ಇರೋದು ಬಟನ್ ಫೋನು. ನನ್ನ ಫೋನಿನಲ್ಲಿ ತೆಗೆದು, ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟೆ.

ಒಂದು ಸಮಾಧಾನ ಅಂದರೆ, 'ಪ್ರೀ-ಸೆಟಲ್ಡ್' ಇದ್ದವರು ಅವಧಿ ಮುಗಿಯುವ ಮುಂಚೆ ಎರಡನೇ ಸಲ ಅರ್ಜಿ ಹಾಕಲಿಲ್ಲ ಅಂತ ಅವರ ಹಕ್ಕು ಕಿತ್ತುಕೊಳ್ಳುವುದು ಕಾನೂನಿಗೆ ವಿರುದ್ಧ ಎಂದು ಇಲ್ಲಿನ ಹೈಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದವೇ ಅವರ ಬೆನ್ನಿಗಿತ್ತು.

ನಮ್ಮಂಥವರಿಗೆ ಅಂಥ ಒಪ್ಪಂದ ಇಲ್ಲ ಅಪ್ಪ. 5 ವರ್ಷಕ್ಕೆ ಸಿಗುತ್ತಿದ್ದ ಕಾಯಂ ವಾಸವನ್ನು ಸಾಮಾನ್ಯವಾಗಿ 10 ವರ್ಷ ಮಾಡುತ್ತೇವೆ ಅಂತ ಸರ್ಕಾರ ಈ ಮೇ ತಿಂಗಳ ಶ್ವೇತಪತ್ರದಲ್ಲಿ ಹೇಳಿದೆ. ನಾನು ಬಂದು 3 ವರ್ಷ. ಈಗಾಗಲೇ ಬಂದವರಿಗೂ ಇದು ಬೀಳುತ್ತದಾ ಅನ್ನೋದೇ ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ದಿನಾ ಮಾತು. ಹೊಸಬರಿಗೆ ಹೊಸ ನಿಯಮ ಮಾಡಲಿ. ಒಂದು ಮಾತು ಕೊಟ್ಟು ಕರೆಸಿಕೊಂಡು, ಅರ್ಧ ದಾರಿಯಲ್ಲಿ ಮಾತು ಬದಲಿಸುವುದು ಸರಿಯಲ್ಲ.

ಅಮ್ಮ, ಸುಮ್ನೆ ಗಾಬರಿಯಾಗಬೇಡಿ. ಕೆಲಸ ಗಟ್ಟಿಯಾಗಿದೆ. ನನ್ನ ಹೆಸರಿಗೆ ಬಂದ ಒಂದು ಕಾಗದವನ್ನೂ ಈಗ ಎಸೆಯುವುದಿಲ್ಲ. ಬೀರುವಿನಲ್ಲಿ ನನ್ನ ಮೊದಲ ಆಫರ್ ಲೆಟರ್ ಇದೆ, ಹಳೆಯ ಪಾಸ್‌ಪೋರ್ಟೂ ಇದೆ. ಎರಡನ್ನೂ ಜೋಪಾನವಾಗಿಡಿ. ಅಪ್ಪ, ಬಿಡುವಾದಾಗ ಎಲ್ಲ ಪುಟ ಸ್ಕ್ಯಾನ್ ಮಾಡಿಸಿ ಕಳಿಸಿ.

ನಿಮ್ಮ ಮಗಳು