ಆ ಹಸಿರು ಮಿಂಚು ಭ್ರಮೆ ಅಲ್ಲ ಕಣೋ

ಲೋ ಗೆಳೆಯಾ,

ನಿನ್ನೆ ಸಂಜೆ ನೋಡೇಬಿಟ್ಟೆ ಕಣೋ. ಸೂರ್ಯ ಮುಳುಗೋ ಕೊನೇ ಗಳಿಗೇಲಿ ಹಸಿರು ಮಿಂಚು ಕಾಣುತ್ತೆ ಅಂದಿದ್ದಕ್ಕೆ ನೀನು ಅವತ್ತು "ಕೆಂಪು ನೋಡಿ ನೋಡಿ ಕಣ್ಣು ಸುಸ್ತಾದ್ರೆ ಹಸಿರು ಕಾಣುತ್ತೆ, ಅಷ್ಟೇ" ಅಂತ ಮಾತು ಮುಗಿಸಿದ್ಯಲ್ಲ, ಅದೇ. ಅವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ.

ಮೋಡ ಇರ್ಲಿಲ್ಲ, ಮಬ್ಬೂ ಇರ್ಲಿಲ್ಲ, ಸಮುದ್ರದ ಅಂಚು ಗೆರೆ ಎಳೆದ ಹಾಗಿತ್ತು. ನಿನ್ನ ಮಾತು ನೆನಪಿತ್ತು, ಹಾಗಾಗಿ ಸೂರ್ಯನ ಕಡೆ ತಿರುಗದೆ ಮರಳನ್ನೇ ನೋಡ್ಕೊಂಡು ನಿಂತಿದ್ದೆ (ಸೂರ್ಯನ್ನ ದಿಟ್ಟಿಸೋದು ಕಣ್ಣಿಗೂ ಒಳ್ಳೇದಲ್ಲ, ಬೈನಾಕ್ಯುಲರ್‌ನಲ್ಲಂತೂ ನೋಡ್ಲೇಬೇಡ). ಮಧ್ಯೆ ಒಂದೇ ಸಲ ಕಳ್ಳನೋಟ ಹಾಕ್ದೆ. ಸೂರ್ಯ ದುಂಡಗಿರ್ಲಿಲ್ಲ, ನೀರೊಳಗಿಂದ ಇನ್ನೊಂದು ಸೂರ್ಯ ಮೇಲೆದ್ದು ಇದರ ಬುಡಕ್ಕೆ ಅಂಟ್ಕೊಂಡಂಗೆ, ಹೂಜಿಗೆ ಪಾದ ಇಟ್ಟಂಗೆ ಕಾಣ್ತಿತ್ತು. ನೀರು ಬೆಚ್ಚಗಿದ್ದು ಅದರ ಮೇಲಿನ ಗಾಳಿ ತಣ್ಣಗಿದ್ರೆ ಆಗೋ ಮರೀಚಿಕೆ ಅದು. ಕೊನೆಗೆ ಉಗುರಿನ ತುದಿಯಷ್ಟು ಉಳಿದಾಗ ತಲೆ ಎತ್ತಿದೆ. ಕಿತ್ತಳೆ ಬಣ್ಣದ ಆ ಚೂರು ಎರಡೂ ಕಡೆಯಿಂದ ಕುಗ್ತಾ ಹಳದಿಗೆ ತಿರುಗಿ, ಇದ್ದಕ್ಕಿದ್ದಂಗೆ ಹಸಿರಾಯ್ತು! ಗಿಳಿಹಸಿರಲ್ಲ, ಬಾಳೆಸುಳಿ ಹಿಂದೆ ಬಿಸಿಲು ಬಿದ್ರೆ ಹೊಳೆಯುತ್ತಲ್ಲ, ಆ ಎಳೇ ಹಸಿರು. ಒಂದೋ ಎರಡೋ ಸೆಕೆಂಡ್, ಆಮೇಲೆ ಬರೀ ನೀರು. ಮೈಯೆಲ್ಲ ಜುಮ್ ಅಂತು.

ರಾತ್ರಿ ಕೂತು ಓದ್ದೆ. ಗಾಳಿ ಪ್ರಿಸಂ ಥರ ಬೆಳಕನ್ನ ಬಗ್ಗಿಸುತ್ತೆ, ದಿಗಂತದ ಹತ್ರ ಎಷ್ಟು ಅಂದ್ರೆ ಸುಮಾರು ಅರ್ಧ ಡಿಗ್ರಿ. ಸೂರ್ಯನ ಅಗಲಾನೂ ಹತ್ರತ್ರ ಅಷ್ಟೇ. ಅಂದ್ರೆ ಸೂರ್ಯನ ಬುಡ ಈಗ ನೀರಿಗೆ ತಾಗ್ತು ಅಂತ ನಮಗನ್ಸೋ ಹೊತ್ತಿಗೆ ಅವನು ಪೂರ್ತಿ ಕೆಳಗೆ ಹೋಗಾಗಿರುತ್ತೆ, ನಾವು ನೋಡ್ತಿರೋದು ಗಾಳಿ ಎತ್ತಿ ಹಿಡಿದಿರೋ ಬಿಂಬ ಮಾತ್ರ, ಇದನ್ನ ಓದಿದ ಮೇಲೆ ನಂಗೆ ನಿದ್ದೇನೇ ಬರ್ಲಿಲ್ಲ. ಕೆಂಪಿಗಿಂತ ಹಸಿರು, ನೀಲಿ ಸ್ವಲ್ಪ ಜಾಸ್ತಿ ಬಗ್ಗೋದ್ರಿಂದ ಕೆಂಪು ಮೊದಲು ಮುಳುಗುತ್ತೆ, ನೀಲಿ ಅಷ್ಟು ದೂರದ ಗಾಳೀಲಿ ಚದುರಿ ಹೋಗಿರುತ್ತೆ, ಕೊನೆಗೆ ಉಳಿಯೋದು ಹಸಿರು. ಆ ಹಸಿರು ಅಂಚು ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಅದನ್ನ ಹಿಗ್ಗಿಸಿ ತೋರ್ಸೋದು ಆ ಮರೀಚಿಕೆ.

ನಿನ್ನ ವಾದ ಪೂರ್ತಿ ಸುಳ್ಳು ಅಂತ ಹೇಳಲ್ಲ, ತುಂಬಾ ಹೊತ್ತು ಸೂರ್ಯನ್ನೇ ದಿಟ್ಟಿಸಿದೋರಿಗೆ ಹಳದೀನೂ ಹಸಿರಾಗಿ ಕಾಣಬಹುದಂತೆ. ಆದ್ರೆ ಇದೇ ಮಿಂಚು ಸೂರ್ಯೋದಯದಲ್ಲೂ ಕಾಣುತ್ತಲ್ಲ, ಇನ್ನೂ ಹುಟ್ಟದೇ ಇರೋ ಸೂರ್ಯನ್ನ ನೋಡಿ ಯಾರ ಕಣ್ಣು ಸುಸ್ತಾಗುತ್ತೆ ಹೇಳು? ವ್ಯಾಟಿಕನ್ ವೀಕ್ಷಣಾಲಯದೋರು 1950ರ ದಶಕದಲ್ಲೇ ಇದರ ಕಲರ್ ಫೋಟೋ ತೆಗೆದಿದಾರೆ. 1929ರಲ್ಲಿ ಅಂಟಾರ್ಕ್ಟಿಕಾದಲ್ಲಿ ಅಮೆರಿಕದ ಅನ್ವೇಷಕ ರಿಚರ್ಡ್ ಬರ್ಡ್ ತಂಡಕ್ಕೆ ಬಿಟ್ಟು ಬಿಟ್ಟು 35 ನಿಮಿಷ ಕಂಡಿತ್ತಂತೆ, ಅಲ್ಲಿ ಸೂರ್ಯ ದಿಗಂತದ ಮೇಲೇ ಉರುಳ್ಕೊಂಡು ಹೋಗ್ತಾನಲ್ಲ.

ಮುಂದಿನ ಸಲ ನೀನೂ ಬಾ. ಇಬ್ರೂ ಮರಳಲ್ಲಿ ಬೋರಲು ಮಲಗೋಣ, ಹಸಿರು ಕಂಡ ತಕ್ಷಣ ಎದ್ದು ನಿಲ್ಲಬೇಕು. ಕಣ್ಣು ಅಷ್ಟು ಮೇಲೆ ಹೋದ್ರೂ ಸಾಕು, ಕೆಲವೇ ಸೆಕೆಂಡ್ ಆದ್ರೂ ಸೂರ್ಯನ ಅಂಚು ಮತ್ತೆ ಕಂಡು ಇನ್ನೊಂದ್ಸಲ ಮುಳುಗುತ್ತೆ. ಮೊದಲನೇ ಸಲ ತಪ್ಪಿದ್ರೂ ಎರಡನೇ ಸಲ ಸಿಗಬಹುದು.

ಇಂತಿ ನಿನ್ನ ಗೆಳೆಯ