ಇನ್ನು ಮುಂದೆ ಶೇಕಡಾ ಲೆಕ್ಕ ಇಲ್ಲ, ಫೈಲ್ ಲೆಕ್ಕ

ದಾವಣಗೆರೆ

ಡಾಕ್ಟರುಗಳಿಗೆ, ಬಿಲ್ಲಿಂಗ್ ಕೌಂಟರಿನ ಎಲ್ಲರಿಗೆ ನಮಸ್ಕಾರ.

ನಿಮ್ಮ ಆಸ್ಪತ್ರೆಗಳ ಇನ್ಶೂರೆನ್ಸ್ ಕ್ಲೇಮ್ ಕೆಲಸ ನೋಡುವ ನಮ್ಮಲ್ಲಿ ಮುಂದಿನ ತಿಂಗಳ 1ನೇ ತಾರೀಖಿನಿಂದ ಎರಡು ಬದಲಾವಣೆ ಆಗುತ್ತಿವೆ. ಕ್ಲೇಮ್ ಮೊತ್ತದಲ್ಲಿ ಶೇಕಡಾ 3 ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತೇವೆ. ಅದರ ಬದಲು ಒಂದು ಫೈಲಿಗೆ 350 ರೂಪಾಯಿ. ಕ್ಲೇಮ್ 8,000ದ್ದಾದರೂ ಅಷ್ಟೇ, 2 ಲಕ್ಷದ್ದಾದರೂ ಅಷ್ಟೇ. ಇನ್ನೊಂದು, ಒಟಿ ನೋಟ್ಸ್, ಅಂದರೆ ಆಪರೇಷನ್ ಬಗ್ಗೆ ಡಾಕ್ಟರು ಬರೆಯುವ ಟಿಪ್ಪಣಿ, ಕೈಗೆ ಬರುವ ತನಕ ಕ್ಲೇಮ್ ಫಾರಂನಲ್ಲಿ ಆಪರೇಷನ್ನಿನ ಕೋಡ್ ಹಾಕುವುದಿಲ್ಲ. ಫೋನಿನಲ್ಲಿ "ಅಪೆಂಡಿಕ್ಸ್ ಕಣ್ರೀ, ಹಾಕ್ಬಿಡಿ" ಅಂದರೆ ಸಾಲದು.

ಹನ್ನೊಂದೂವರೆ ಸಾವಿರದ ಒಳಗಿನ ಕ್ಲೇಮುಗಳಿಗೆ ಇದು ಮೊದಲಿಗಿಂತ ಜಾಸ್ತಿ ಬೀಳುತ್ತದೆ. ಮುಚ್ಚಿಡುವುದಿಲ್ಲ. ಆದರೆ ಯಾಕೆ ಹೀಗೆ ಮಾಡಿದೆವು ಅನ್ನುವುದನ್ನು ಪೂರ್ತಿ ಹೇಳಿಬಿಡುತ್ತೇವೆ.

ಮೊದಲು ನಮ್ಮ ತಪ್ಪಿನ ಕಥೆ. ಕಳೆದ ಚಳಿಗಾಲದಲ್ಲಿ ಒಬ್ಬ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಮಗನ ಕಂಪನಿ ಪಾಲಿಸಿ, ಕ್ಯಾಶ್‌ಲೆಸ್. ರಾತ್ರಿ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಕೇಸ್ ಶೀಟಿನ ಅರ್ಧ ಭಾಗದ ಮೇಲೆ ತೆಗೆದವರ ಕೈ ನೆರಳು. "ಎಲ್‌ಇ" ಅಂತ ಬರೆದಿತ್ತು, ಎಡಗಣ್ಣು. ನಮ್ಮ ಹುಡುಗ "ಆರ್‌ಇ" ಅಂತ ಓದಿದ. ಬಲಗಣ್ಣಿನ ಕೋಡ್ ಹೋಯಿತು.

ಅಜ್ಜಿಯ ಬಲಗಣ್ಣಿಗೆ ಎಂಟು ತಿಂಗಳ ಹಿಂದೆಯೇ ಆಪರೇಷನ್ ಆಗಿತ್ತು. ಇನ್ಶೂರೆನ್ಸ್‌ನವರ ಕಂಪ್ಯೂಟರಿಗೆ ಅಷ್ಟು ಸಾಕು. ಒಂದೇ ಕಣ್ಣಿನ ಲೆನ್ಸನ್ನು ಎರಡು ಸಲ ಬದಲಿಸಿದ್ದೀರಾ ಅಂತ ಕ್ಲೇಮ್ ನಿಲ್ಲಿಸಿದರು. ಬೆಳಗ್ಗೆ ಹೊರಡಬೇಕಾದವರು ಸಂಜೆ ಆರಾದರೂ ಹೊರಟಿರಲಿಲ್ಲ. ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಕೌಂಟರ್ ಎದುರಿನ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಬಟ್ಟೆಯ ಚೀಲ, ಅದರ ಮೇಲೆ ಕೈ. ತಪ್ಪು ನಮ್ಮದೇ ಅಂತ ಹೇಳಲು ನಾನೇ ಹೋಗಿದ್ದೆ. ಅವರು ಹೇಳಿದ್ದು ಇಷ್ಟೇ: "ನನ್ನ ಕೇಳಿದ್ರೆ ನಾನೇ ಹೇಳ್ತಿದ್ನಲ್ಲಪ್ಪಾ, ಎಡಗಣ್ಣು ಅಂತ."

ಆ ಇಡೀ ದಿನ ಹಾಳಾಗಿದ್ದು ಒಂದೇ ಒಂದು ಅಕ್ಷರದಿಂದ. ಖಾಸಗಿ ಇನ್ಶೂರೆನ್ಸಿನ ಕ್ಲೇಮ್ ಫಾರಂನಲ್ಲಿ ಆಸ್ಪತ್ರೆ ತುಂಬುವ ಭಾಗ ಇರುತ್ತದಲ್ಲ, ಅಲ್ಲಿ ಕಾಯಿಲೆಗೆ ಐಸಿಡಿ-10 ಕೋಡ್ ಬೇಕು, ಆಪರೇಷನ್ನಿಗೆ ಐಸಿಡಿ-10-ಪಿಸಿಎಸ್ ಕೋಡ್ ಬೇಕು. ಹೆಸರು ಅಣ್ಣತಮ್ಮಂದಿರ ಹಾಗಿದ್ದರೂ ಎರಡೂ ಬೇರೆ ಬೇರೆ ಮನೆಯವು. ಐಸಿಡಿ ವಿಶ್ವ ಆರೋಗ್ಯ ಸಂಸ್ಥೆಯದು. ಪಿಸಿಎಸ್ ಅಮೆರಿಕದವರು ತಮ್ಮ ಆಸ್ಪತ್ರೆಗಳಿಗೆ ಅಂತ ಮಾಡಿಕೊಂಡಿದ್ದು. ಅಲ್ಲಿ ಅದು ಬಳಕೆಗೆ ಬಂದಿದ್ದೇ 2015ರ ಅಕ್ಟೋಬರಿನಲ್ಲಿ. ದಾವಣಗೆರೆಯ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ಅಮೆರಿಕದ ಕೋಡ್ ಬರೆಯಬೇಕಾಗಿ ಬಂದಿರುವುದು ನನಗೆ ಈಗಲೂ ವಿಚಿತ್ರ ಅನಿಸುತ್ತದೆ. ಫಾರಂ ಕೇಳುತ್ತದೆ, ನಾವು ಬರೆಯುತ್ತೇವೆ.

ಪಿಸಿಎಸ್ ಕೋಡಿನಲ್ಲಿ ಯಾವಾಗಲೂ ಏಳು ಅಕ್ಷರ. ಸೊನ್ನೆ, ಒಂದರ ಜೊತೆ ಗೊಂದಲ ಆಗುತ್ತದೆ ಅಂತ ಇಂಗ್ಲಿಷಿನ ಓ ಮತ್ತು ಐ ಬಿಟ್ಟಿದ್ದಾರೆ. ಪ್ರತಿ ಜಾಗಕ್ಕೂ ಒಂದು ಅರ್ಥ. ಲ್ಯಾಪ್ರೊಸ್ಕೋಪಿಯಲ್ಲಿ ಅಪೆಂಡಿಕ್ಸ್ ತೆಗೆದರೆ 0-ಡಿ-ಟಿ-ಜೆ-4-ಝಡ್-ಝಡ್. ಸೊನ್ನೆ ಅಂದರೆ ಸರ್ಜರಿ ವಿಭಾಗ. ಡಿ ಅಂದರೆ ಜೀರ್ಣಾಂಗ. ಟಿ ಅಂದರೆ ಪೂರ್ತಿ ತೆಗೆದಿದ್ದು. ಜೆ ಅಂದರೆ ಅಪೆಂಡಿಕ್ಸ್. 4 ಅಂದರೆ ತೂತು ಮಾಡಿ ಕ್ಯಾಮೆರಾ ಇಳಿಸಿದ್ದು. ಹೊಟ್ಟೆ ತೆರೆದೇ ಮಾಡಿದ್ದರೆ ಆ 4ರ ಜಾಗದಲ್ಲಿ ಸೊನ್ನೆ. ಅಂಗದ ಒಂದು ಭಾಗ ಮಾತ್ರ ತೆಗೆದಿದ್ದರೆ ಟಿ ಹೋಗಿ ಬಿ ಬರುತ್ತದೆ. ನೀವು ನೋಟ್ಸಿನಲ್ಲಿ ಸುಮ್ನೆ "ರಿಮೂವ್ಡ್" ಅಂತ ಬರೆದರೆ ಪೂರ್ತಿಯೋ, ಭಾಗವೋ ಅಂತ ನಮಗೆ ಹೇಗೆ ಗೊತ್ತಾಗಬೇಕು ಹೇಳಿ?

ಅಜ್ಜಿಯ ಆಪರೇಷನ್ನಿನ ಕೋಡ್ 0-8-ಆರ್-ಕೆ-3-ಜೆ-ಝಡ್. ನಾಲ್ಕನೇ ಜಾಗದ ಕೆ ಅಂದರೆ ಎಡಗಣ್ಣಿನ ಲೆನ್ಸ್. ಬಲಗಣ್ಣಿಗೆ ಅಲ್ಲಿ ಜೆ. ಆರನೇ ಜಾಗದಲ್ಲೂ ಒಂದು ಜೆ ಇದೆ, ಅದಕ್ಕೆ ಕೃತಕ ವಸ್ತು ಅನ್ನುವ ಅರ್ಥ. ಅಪೆಂಡಿಕ್ಸಿಗೂ ಜೆ, ಲೆನ್ಸಿಗೂ ಜೆ. ಜಾಗ ಬದಲಾದರೆ ಅರ್ಥ ಬದಲು. ಹಾಗಾಗಿ ಇದು ಬಾಯಿಪಾಠದಿಂದ ಬರುವ ಕೆಲಸ ಅಲ್ಲ.

ಆಯುಷ್ಮಾನ್, ಅಂದರೆ ಸರ್ಕಾರದ ಉಚಿತ ಚಿಕಿತ್ಸೆ ಯೋಜನೆಯ ಕೇಸುಗಳ ಕಥೆ ಬೇರೆ. 2018ರ ಸೆಪ್ಟೆಂಬರಿನಲ್ಲಿ ಯೋಜನೆ ಶುರುವಾದಾಗ 1,393 ಪ್ಯಾಕೇಜುಗಳ ಪಟ್ಟಿ ಇತ್ತು. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಅದನ್ನು ಆಮೇಲೆ ಹಲವು ಸಲ ತಿದ್ದಿತು. 2022ರ ಪಟ್ಟಿಯಲ್ಲಿ 1,949 ಚಿಕಿತ್ಸೆಗಳಿವೆ. ಇಲ್ಲಿ ಕೋಡಿನ ಮೊದಲ ಎರಡು ಅಕ್ಷರ ವಿಭಾಗವನ್ನು ಹೇಳುತ್ತವೆ. ಎಸ್‌ಇ ಅಂದರೆ ಕಣ್ಣು, ಎಸ್‌ಜಿ ಜನರಲ್ ಸರ್ಜರಿ, ಎಸ್‌ಬಿ ಮೂಳೆ, ಎಸ್‌ಒ ಹೆರಿಗೆ ಮತ್ತು ಸ್ತ್ರೀರೋಗ, ಎಂಜಿ ಜನರಲ್ ಮೆಡಿಸಿನ್. ಆಮೇಲೆ ಮೂರು ಅಂಕಿ, ಕೊನೆಗೊಂದು ಅಕ್ಷರ. ಪಿಸಿಎಸ್ ಹಾಗೆ ಇದನ್ನು ಬಿಡಿಸಿ ಓದಲು ಆಗುವುದಿಲ್ಲ. ಪಟ್ಟಿ ನೋಡಲೇಬೇಕು. ಯಾಕೆಂದರೆ ಪಿಸಿಎಸ್ ಕೋಡ್ ಏನು ಮಾಡಿದಿರಿ ಅಂತ ಹೇಳುತ್ತದೆ. ಪ್ಯಾಕೇಜ್ ಕೋಡ್ ಎಷ್ಟು ಕೊಡಬೇಕು ಅಂತ ಹೇಳುತ್ತದೆ. ಅಡ್ಮಿಷನ್ನಿಗೆ ಮೊದಲಿನ 3 ದಿನ, ಡಿಸ್ಚಾರ್ಜ್ ಆದ ಮೇಲಿನ 15 ದಿನದ ಖರ್ಚೂ ಆ ಒಂದು ರೇಟಿನೊಳಗೇ ಬಂತು.

ನಮ್ಮ ರಾಜ್ಯದಲ್ಲಿ ಇದರ ಮೇಲೆ ಇನ್ನೊಂದು ವಿಂಗಡಣೆ ಇದೆ, ನಿಮಗೆಲ್ಲ ಗೊತ್ತಿರುವುದೇ. ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಶುರುವಾದಾಗ ಬಂದ 2ಎ, 2ಬಿ, 3ಎ, 4ಎ. ಇವು ಆಪರೇಷನ್ ಯಾವುದು ಅನ್ನುವುದಕ್ಕಿಂತ ಅದು ಎಲ್ಲಿ ಆಗಬೇಕು ಅನ್ನುವುದನ್ನು ಹೇಳುತ್ತವೆ. 2ಎ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. 2ಬಿ, 3ಎ ನಿಮ್ಮಂಥ ಖಾಸಗಿಯವರಲ್ಲಿಗೆ ಬರಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. 4ಎ ತುರ್ತು, ರೆಫರಲ್ ಬೇಡ. "ಪೇಷಂಟ್ ಬಂದುಬಿಟ್ರು, ಹೇಗಾದ್ರೂ 4ಎ ಮಾಡಿ" ಅಂತ ನಮಗೆ ಫೋನ್ ಬಂದದ್ದುಂಟು. ಯಾರು ಅಂತ ಹೇಳುವುದಿಲ್ಲ. ಮಾಡಲಿಲ್ಲ ಅನ್ನುವುದನ್ನು ಮಾತ್ರ ಹೇಳುತ್ತೇವೆ.

ಈಗ ದುಡ್ಡಿನ ವಿಷಯ. ಆಯುಷ್ಮಾನ್‌ನಲ್ಲಿ ಒಂದೇ ಸಲಕ್ಕೆ ಎರಡು ಮೂರು ಆಪರೇಷನ್ ಆದರೆ ಹೆಚ್ಚಿನ ರೇಟಿನದಕ್ಕೆ ಪೂರ್ತಿ ಹಣ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು ಭಾಗ. ಹೊಟ್ಟೆ ತೆರೆದಾಗ ಕರುಳು ಅಂಟಿಕೊಂಡಿತ್ತು, ಬಿಡಿಸಿದಿರಿ ಅಂತಿಟ್ಟುಕೊಳ್ಳಿ. ಅದು ದೊಡ್ಡ ಆಪರೇಷನ್ನಿನದೇ ಒಂದು ಭಾಗವೋ, ಬೇರೆ ಕೋಡ್ ಹಾಕುವಂಥದ್ದೋ? ಎರಡು ಸಾಲು ನೋಟ್ಸ್ ಇದ್ದರೆ ತೀರ್ಮಾನ ಸುಲಭ. ಇಲ್ಲದಿದ್ದರೆ ತೀರ್ಮಾನ ನಮ್ಮ ಮೇಜಿಗೆ ಬರುತ್ತದೆ. ಕ್ಲೇಮ್ ದೊಡ್ಡದಾದಷ್ಟೂ ನಮ್ಮ ಶೇಕಡಾ 3 ದೊಡ್ಡದಾಗುತ್ತಿತ್ತು, ಅಲ್ವಾ? ನಾವು ಕಳ್ಳರಲ್ಲ. ಆದರೆ ಅನುಮಾನ ಬಂದಾಗಲೆಲ್ಲ ಕೈ ಜಾಸ್ತಿ ರೇಟಿನ ಕಡೆಗೇ ಹೋಗುತ್ತಿತ್ತು. ಅಜ್ಜಿಯ ಫೈಲ್ ಆದ ಮೇಲೆ ಒಂದು ಭಾನುವಾರ ಕ್ಲೇಮುಗಳ ಮೇಲೆ ಬಂದಿದ್ದ ಹಳೆಯ ಪ್ರಶ್ನೆಗಳನ್ನೆಲ್ಲ ಹರಡಿಕೊಂಡು ಕೂತಾಗ ಇದು ನಮಗೇ ಕಂಡಿತು. ಆಡಿಟ್ ಬಂದು ಹಣ ವಾಪಸ್ ಕೇಳಿದರೆ ಕಟ್ಟುವವರು ನೀವು, ನಾವಲ್ಲ. ನಮ್ಮ ಕಮಿಷನ್ ಅಷ್ಟು ಹೊತ್ತಿಗೆ ಖರ್ಚಾಗಿರುತ್ತದೆ. ಹಾಗಾಗಿ ಶೇಕಡಾ ಲೆಕ್ಕವನ್ನೇ ತೆಗೆದೆವು.

ನಿಮ್ಮಿಂದ ನಮಗೆ ಬೇಕಾದ್ದು ಹೆಚ್ಚೇನಿಲ್ಲ. ಒಟಿ ನೋಟ್ಸಿನಲ್ಲಿ ಎಡ, ಬಲ ಅಂತ ಪೂರ್ತಿ ಪದ ಬರೆಯಿರಿ, ಇಂಗ್ಲಿಷಿನಲ್ಲೋ ಕನ್ನಡದಲ್ಲೋ, ಎಲ್‌ಇ ಆರ್‌ಇ ಬೇಡ. ತೆರೆದು ಮಾಡಿದ್ದೋ, ಲ್ಯಾಪ್ರೊಸ್ಕೋಪಿಯೋ, ಲ್ಯಾಪ್ರೊಸ್ಕೋಪಿಯಲ್ಲಿ ಶುರುಮಾಡಿ ಮಧ್ಯದಲ್ಲಿ ತೆರೆದಿರೋ, ಅದೂ ಇರಲಿ. ಹರ್ನಿಯಾ ಆದರೆ ಒಂದು ಕಡೆಯೋ ಎರಡೂ ಕಡೆಯೋ. ಲೆನ್ಸು, ಪ್ಲೇಟು, ಮೆಶ್ ಹಾಕಿದರೆ ಅದರ ಸ್ಟಿಕ್ಕರ್ ಕೇಸ್ ಶೀಟಿಗೆ ಅಂಟಿಸಿ. ಡಬ್ಬಿಯ ಜೊತೆ ಕಸದ ಬುಟ್ಟಿಗೆ ಹೋದ ಸ್ಟಿಕ್ಕರುಗಳನ್ನು ಸಿಸ್ಟರ್ ಒಬ್ಬರು ಮರುದಿನ ಹುಡುಕುತ್ತಿದ್ದುದನ್ನು ನಾವೇ ನೋಡಿದ್ದೇವೆ.

ಆಯುಷ್ಮಾನ್ ಪಟ್ಟಿಯಲ್ಲಿ ಇಲ್ಲದ ಆಪರೇಷನ್ ಬಂದರೆ ಗಾಬರಿ ಬೇಡ. ಅದಕ್ಕೆ ಯುಎಸ್ (ಅನ್ ಸ್ಪೆಸಿಫೈಡ್ ಸರ್ಜಿಕಲ್, ಅಮೆರಿಕ ಅಲ್ಲ) ಅನ್ನುವ ಕೋಡ್ ಇದೆ, ಮೊದಲೇ ಪ್ರೀ-ಆಥ್, ಅಂದರೆ ಮುಂಚಿನ ಒಪ್ಪಿಗೆ ಪಡೆಯಬೇಕು ಅಷ್ಟೇ. ಹತ್ತಿರದ ಇನ್ಯಾವುದೋ ಕೋಡಿಗೆ ತುರುಕಿ ಕಳಿಸುವುದು ಮಾತ್ರ ಬೇಡ.

ಈ ತಿಂಗಳ ಕೊನೆಯ ತನಕ ಬಂದ ಫೈಲುಗಳಿಗೆ ಹಳೆಯ ಲೆಕ್ಕವೇ. ನಮ್ಮ ತಪ್ಪಿನಿಂದ ರಿಜೆಕ್ಟ್ ಆದ ಫೈಲನ್ನು ಮತ್ತೆ ಹಾಕಲು ದುಡ್ಡಿಲ್ಲ. ಹೊಸ ರೇಟು ಒಪ್ಪಿಗೆ ಇಲ್ಲದವರು ಹೇಳಿ, ಬೇಸರ ಇಲ್ಲ. ನಿಮ್ಮ ಹಳೆಯ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಡುತ್ತೇವೆ. ಕೌಂಟರಿನವರಿಗೆ ಕೋಡಿಂಗ್ ಕಲಿಯುವ ಆಸೆ ಇದ್ದರೆ ಶನಿವಾರ ಮಧ್ಯಾಹ್ನ ನಮ್ಮಲ್ಲಿಗೆ ಕಳಿಸಿ, ಚಹಾ ಮಂಡಕ್ಕಿ ನಮ್ಮದು.

ಫೋಟೊ ಕಳಿಸುವವರು ದಯವಿಟ್ಟು ಟ್ಯೂಬ್‌ಲೈಟಿನ ನೇರ ಕೆಳಗೆ ನಿಂತು ತೆಗೆಯಬೇಡಿ. ಕೈ ನೆರಳು ಬೀಳುತ್ತದೆ.

ಇಂತಿ,
ನಿಮ್ಮ ಕ್ಲೇಮ್ ಕೆಲಸ ನೋಡುವ ಐವರು